ಬಾಟಲಿ ತೆರೆದ ಮಾರನೇ ದಿನ

ವೈನ್ ಬಾಟಲಿ ತೆರೆದ ಕೂಡಲೇ ಒಂದು ಗುಟುಕು ಕುಡಿದು 'ಚೆನ್ನಾಗಿದೆ', 'ಚೆನ್ನಾಗಿಲ್ಲ' ಅಂತ ತೀರ್ಮಾನ ಮಾಡುವುದು ನನಗೆ ಸರಿಬರುವುದಿಲ್ಲ. ವರ್ಷಗಟ್ಟಲೆ ಹೆಚ್ಚು ಗಾಳಿ ಸೋಕದೆ ಮುಚ್ಚಿಟ್ಟಿದ್ದ ವೈನ್ ಅದು. ಹೊರಗೆ ಬಂದ ಮೇಲೆ ಬದಲಾಗುತ್ತಲೇ ಹೋಗುತ್ತದೆ. ಅರಳುವುದೂ ಉಂಟು, ಸೊರಗುವುದೂ ಉಂಟು. ಅದನ್ನೆಲ್ಲ ನೋಡದೆ ತೀರ್ಪು ಕೊಟ್ಟರೆ ಮಾಡಿದವರ ಶ್ರಮಕ್ಕೆ ಅನ್ಯಾಯ ಅಲ್ವಾ? ಅದಕ್ಕೇ ನಾನು ತೆರೆದ ಬಾಟಲಿಯನ್ನು ಒಂದೇ ಸಂಜೆಗೆ ಮುಗಿಸುವುದಿಲ್ಲ. ದಿನಕ್ಕಿಷ್ಟು ಅಂತ ಉಳಿಸಿಕೊಂಡು ರುಚಿ ನೋಡುತ್ತೇನೆ.

ಕಳೆದ ವಾರ ಹಾಗೆ ತೆರೆದದ್ದು ಮೂರು ಬಾಟಲಿ. ಜರ್ಮನಿಯ ಮೋಸೆಲ್ ಕಣಿವೆಯ ಬಿಳಿ ವೈನ್ ರೀಸ್ಲಿಂಗ್, ಮತ್ತೆರಡು ಕೆಂಪು: ಸ್ಪೇನಿನ ರಿಯೋಹ, ಇಟಲಿಯ ಪೀಡ್‌ಮಾಂಟ್ ಕಡೆಯ ಬರೋಲೊ. ತಮ್ಮನೂ ಜೊತೆಗಿದ್ದ. ಅವನ ಮೂಗು ನನ್ನದಕ್ಕಿಂತ ಚುರುಕು. ಇಬ್ಬರಿಗೂ ಒಂದೇ ತರಹದ ಗ್ಲಾಸು: ಹೊಟ್ಟೆ ಅಗಲ, ಬಾಯಿ ಕಿರಿದು. ರುಚಿ ನೋಡಲೆಂದೇ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ ಗೊತ್ತು ಮಾಡಿದ ಗ್ಲಾಸಿನ ಆಕಾರವೂ ಹೀಗೇ, ಅದಕ್ಕೆ 50 ಮಿಲಿ ಲೀಟರ್ ಹಾಕಿದರೆ ಸಾಕು. ಉಳಿದ ಜಾಗ ವಾಸನೆ ತುಂಬಿಕೊಳ್ಳಲಿಕ್ಕೆ.

ಮೊದಲು ರೀಸ್ಲಿಂಗ್. ತಿರುಪಿನ ಮುಚ್ಚಳ ತೆಗೆದು ಗ್ಲಾಸಿಗೆ ಸುರಿದಾಗ ಬಂದದ್ದು ಹಣ್ಣಿನ ವಾಸನೆ ಅಲ್ಲ, ಆಗಷ್ಟೇ ಗೀರಿದ ಬೆಂಕಿಕಡ್ಡಿಯ ಘಾಟು. ತಮ್ಮ ಮುಖ ಕಿವುಚಿದ. ನಾನು ಗ್ಲಾಸನ್ನು ಚೆನ್ನಾಗಿ ತಿರುಗಿಸಿ ಪಕ್ಕಕ್ಕಿಟ್ಟೆ. ಇದು ಗಂಧಕದ ಸಂಯುಕ್ತಗಳ ವಾಸನೆ. ಹುದುಗುವಾಗ ಯೀಸ್ಟಿನಿಂದಲೂ ಇಂಥವು ಹುಟ್ಟುತ್ತವೆ. ತಿರುಪಿನ ಮುಚ್ಚಳ ಗಾಳಿಯನ್ನು ತುಂಬಾ ಕಮ್ಮಿ ಬಿಡುವುದರಿಂದ ಒಳಗೇ ಉಳಿದುಬಿಡುತ್ತವೆ. ಎಳೆಯ ಮೋಸೆಲ್ ರೀಸ್ಲಿಂಗ್‌ಗಳಲ್ಲಿ ಇದು ಸಾಮಾನ್ಯ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಮೂಸಿದಾಗ ಘಾಟು ಬಹಳ ಮಟ್ಟಿಗೆ ಹೋಗಿತ್ತು. ಹಸಿರು ಸೇಬು, ನಿಂಬೆ ಸಿಪ್ಪೆ ಬಂದವು. ಬಾಯಿಗೆ ಹಾಕಿದರೆ ಮೊದಲು ಸಿಹಿ, ಹಿಂದೆಯೇ ಹುಳಿ ಬಂದು ಆ ಸಿಹಿಯನ್ನು ಒರೆಸಿಕೊಂಡು ಹೋಗುತ್ತದೆ. ಆಲ್ಕೋಹಾಲ್ ಬರೀ 8.5%. ಹಗುರ ಅನ್ನಿಸಿದರೂ ತೆಳು ಅನ್ನಿಸಲಿಲ್ಲ. ಇದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳುವಂಥದ್ದೇನೂ ಇರಲಿಲ್ಲ.

ರಿಯೋಹ ಮಾತ್ರ ಕಗ್ಗಂಟಾಯಿತು. ಲೇಬಲ್ಲಿನಲ್ಲಿ ರಿಸರ್ವಾ ಎಂದಿತ್ತು. ಅಂದರೆ ಕನಿಷ್ಠ 3 ವರ್ಷ ಮಾಗಿರಬೇಕು, ಅದರಲ್ಲಿ 1 ವರ್ಷವಾದರೂ ಓಕ್ ಪೀಪಾಯಿಯಲ್ಲಿ. ಟೆಂಪ್ರಾನಿಯೊ ದ್ರಾಕ್ಷಿಯ ಕೆಂಪು ಹಣ್ಣಿನ ವಾಸನೆ, ಓಕ್‌ನ ವೆನಿಲ್ಲಾ ಎರಡೂ ಸಿಗಬೇಕಿತ್ತು. ಬಣ್ಣ ಸರಿಯಾಗಿತ್ತು, ಹುಳಿ ಸರಿಯಾಗಿತ್ತು. ಹಣ್ಣೇ ಇಲ್ಲ.

"ಅಕ್ಕಾ, ಇದರಲ್ಲಿ ಏನೂ ವಾಸನೆ ಬರ್ತಿಲ್ವಲ್ಲ?" ಅಂದ ತಮ್ಮ.

"ಇವತ್ತು ಏನೂ ಹೇಳೋದು ಬೇಡ. ನಾಳೆ ನೋಡೋಣ" ಅಂದೆ. ಅನುಮಾನ ಆಗಲೇ ಶುರುವಾಗಿತ್ತು.

ಬರೋಲೊ ಕೊನೆಗೆ. ನೆಬಿಯೋಲೊ ದ್ರಾಕ್ಷಿಯ ವೈನ್ ಕಣ್ಣಿಗೆ ತೆಳುವಾಗಿ ಕಾಣುತ್ತದೆ. ಗ್ಲಾಸಿನ ಅಂಚಿನಲ್ಲಿ ಇಟ್ಟಿಗೆ ಬಣ್ಣ, ಆಚೆ ಹಿಡಿದ ಬೆರಳೂ ಕಾಣುವಷ್ಟು ತಿಳಿ. ಕುಡಿದರೆ ಗೊತ್ತಾಗುತ್ತದೆ ಅದರ ಶಕ್ತಿ. ಬಲಿಯದ ಹಣ್ಣು ಕಚ್ಚಿದ ಹಾಗೆ ಒಸಡು, ಕೆನ್ನೆಯ ಒಳಭಾಗ ಎಲ್ಲ ಬಿಗಿದುಕೊಂಡಿತು. ವೈನಿನಲ್ಲಿರುವ ಟ್ಯಾನಿನ್ ಅನ್ನುವ ಅಂಶ ಎಂಜಲಿನ ಪ್ರೋಟೀನಿಗೆ ಅಂಟಿಕೊಂಡು ಅದರ ಜಾರುವ ಗುಣವನ್ನು ತೆಗೆದುಬಿಡುತ್ತದೆ, ಅದಕ್ಕೇ ಈ ಒಗರು. ಬರೋಲೊವನ್ನು ಕನಿಷ್ಠ 38 ತಿಂಗಳು ಮಾಗಿಸಿಯೇ ಮಾರಬೇಕು ಅನ್ನುವುದು ಅಲ್ಲಿನ ನಿಯಮ, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಅಷ್ಟಾದರೂ ಇದಿನ್ನೂ ಎಳೆಯದು. ಒಗರಿನ ಹಿಂದೆ ಏನೋ ಇದೆ, ಕೈಗೆ ಸಿಗುತ್ತಿಲ್ಲ.

ಇಲ್ಲಿ ಒಂದು ಉಪಾಯ ಹೇಳಬೇಕು. ಬರೋಲೊ ತೆರೆದ ಕೂಡಲೇ ಅರ್ಧವನ್ನು 375 ಮಿಲಿ ಲೀಟರಿನ ಪುಟ್ಟ ಬಾಟಲಿಗೆ ಕಂಠದವರೆಗೂ ತುಂಬಿಸಿ ಮುಚ್ಚಿಟ್ಟಿದ್ದೆ. ಅದಕ್ಕೆ ಗಾಳಿ ಕಮ್ಮಿ. ದೊಡ್ಡ ಬಾಟಲಿಯಲ್ಲಿ ಉಳಿದದ್ದಕ್ಕೆ ಗಾಳಿ ಬೇಕಾದಷ್ಟು. ಎರಡನ್ನೂ ಪಕ್ಕಪಕ್ಕ ಇಟ್ಟು ಕುಡಿದರೆ ಗಾಳಿ ಏನು ಮಾಡಿದೆ ಅಂತ ನಾಲಿಗೆಗೇ ತಿಳಿಯುತ್ತದೆ. ಎಲ್ಲವನ್ನೂ ಫ್ರಿಜ್ಜಿಗೆ ಸೇರಿಸಿದೆವು, ಕೆಂಪು ವೈನನ್ನೂ ಕೂಡ. ತಂಪಿನಲ್ಲಿ ಕೆಡುವ ವೇಗ ಕಮ್ಮಿಯಾಗುತ್ತದೆ. ಕುಡಿಯುವ ಮುಂಚೆ ಕೆಂಪನ್ನು ಹೊರಗಿಟ್ಟು ಚಳಿ ಬಿಡಿಸಬೇಕು ಅಷ್ಟೇ, ಇಲ್ಲದಿದ್ದರೆ ಒಗರು ಇನ್ನೂ ಒರಟಾಗುತ್ತದೆ, ವಾಸನೆ ಮುದುಡುತ್ತದೆ.

ಮಾರನೇ ದಿನ ಹೆಸರು ಮುಚ್ಚಿ ನೋಡೋಣ ಅಂದುಕೊಂಡೆವು. ತಮ್ಮ ಇನ್ನೊಂದು ಕೋಣೆಯಲ್ಲಿ ಸುರಿದು ತಂದ, ಗ್ಲಾಸಿನ ಬುಡಕ್ಕೆ ನಂಬರು ಅಂಟಿಸಿದ್ದ. ಸುಮ್ನೆ ಆಟಕ್ಕಲ್ಲ ಇದು. 2001ರಲ್ಲಿ ಪ್ರಕಟವಾದ ಫ್ರಾನ್ಸಿನ ಬೋರ್ಡೋದ ಒಂದು ಪ್ರಯೋಗದಲ್ಲಿ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ 54 ಜನರಿಗೆ ಕೊಟ್ಟರು. ಅವರು ವೈನ್ ಶಾಸ್ತ್ರ ಓದುತ್ತಿದ್ದವರು. ಆದರೂ ಕೆಂಪು ವೈನಿಗೆ ಹೇಳುವ ಮಾತುಗಳನ್ನೇ ಅದಕ್ಕೂ ಬರೆದರು. ಕಣ್ಣು ಮೂಗಿನ ಮೇಲೆ ಅಷ್ಟು ಸವಾರಿ ಮಾಡುತ್ತದೆ. ಲೇಬಲ್ಲಂತೂ ಇನ್ನೂ ಹೆಚ್ಚು ಅಂತ ನನ್ನ ನಂಬಿಕೆ.

ಎರಡನೇ ನಂಬರಿನ ಗ್ಲಾಸು ಮೂಗಿಗೆ ಹಿಡಿದದ್ದೇ ತಡ, ಅನುಮಾನ ಪರಿಹಾರವಾಯಿತು. ಒದ್ದೆಯಾಗಿ ಮುಗ್ಗಿದ ರಟ್ಟಿನ ವಾಸನೆ. ರಿಯೋಹವೇ. ಬಿರಡೆಯಿಂದ ಬರುವ ಈ ದೋಷಕ್ಕೆ ಮುಖ್ಯ ಕಾರಣ ಟಿಸಿಎ ಅನ್ನುವ ಸಂಯುಕ್ತ. ಕಾರ್ಕಿನಲ್ಲಿ ಬೆಳೆಯುವ ಬೂಷ್ಟು ಕ್ಲೋರಿನ್ ಇರುವ ಕೆಲವು ರಾಸಾಯನಿಕಗಳನ್ನು ಟಿಸಿಎ ಆಗಿ ಮಾರ್ಪಡಿಸುತ್ತದೆ. ಒಂದು ಲೀಟರಿನಲ್ಲಿ ಕೆಲವೇ ನ್ಯಾನೊಗ್ರಾಂ ಇದ್ದರೂ ಮೂಗಿಗೆ ತಾಗುತ್ತದೆ. ಅದಕ್ಕಿಂತ ಕಮ್ಮಿ ಇದ್ದಾಗ ಮುಗ್ಗಲು ಕಾಣುವುದಿಲ್ಲ, ಹಣ್ಣು ಮಾತ್ರ ಮಾಯವಾಗಿರುತ್ತದೆ. ವಾಸನೆ ಹಿಡಿಯುವ ಜೀವಕೋಶಗಳ ಕೆಲಸವನ್ನೇ ಟಿಸಿಎ ತಗ್ಗಿಸುತ್ತದೆ ಅಂತ 2013ರಲ್ಲಿ ಜಪಾನಿನ ಸಂಶೋಧಕರು ತೋರಿಸಿದ್ದಾರೆ. ಹಿಂದಿನ ಸಂಜೆ 'ಏನೂ ವಾಸನೆ ಇಲ್ಲ' ಅಂದ ತಮ್ಮನ ಮೂಗು ಸರಿಯಾಗಿಯೇ ಹೇಳಿತ್ತು.

ಇಲ್ಲೇ ಇರುವುದು ವ್ಯತ್ಯಾಸ. ರೀಸ್ಲಿಂಗಿನ ಗಂಧಕದ ಘಾಟು ಗಾಳಿಗೆ ಹೋಗುತ್ತದೆ. ಟಿಸಿಎ ಹೋಗುವುದಿಲ್ಲ, ಹೊತ್ತು ಕಳೆದಂತೆ ಇನ್ನಷ್ಟು ಎದ್ದು ಕಾಣುತ್ತದೆ. ಮೊದಲ ದಿನವೇ ತೀರ್ಪು ಕೊಟ್ಟಿದ್ದರೆ ಒಳ್ಳೆಯ ರೀಸ್ಲಿಂಗ್ ಕೆಟ್ಟದ್ದು ಅನ್ನಿಸಿಕೊಳ್ಳುತ್ತಿತ್ತು, ಕೆಟ್ಟ ರಿಯೋಹ 'ಪರವಾಗಿಲ್ಲ' ಅನ್ನಿಸಿಕೊಳ್ಳುತ್ತಿತ್ತು. ಹಾಗಂತ ಟಿಸಿಎ ಹುಡುಕುತ್ತಾ ಮತ್ತೆ ಮತ್ತೆ ಮೂಸಬಾರದು. ಮೂಗು ಬೇಗ ಒಗ್ಗಿಕೊಳ್ಳುತ್ತದೆ. ಈ ಒಂದು ವಿಷಯದಲ್ಲಿ ಮೊದಲ ಉಸಿರನ್ನೇ ನಂಬಬೇಕು. ಕುಡಿದರೆ ಆರೋಗ್ಯಕ್ಕೇನೂ ಆಗುವುದಿಲ್ಲ, ಆದರೆ ಕುಡಿಯಲು ಮನಸ್ಸಾಗಬೇಕಲ್ಲ? ಚೆಲ್ಲಿದೆವು. ದ್ರಾಕ್ಷಿ ಬೆಳೆದವರದ್ದಾಗಲಿ ವೈನ್ ಮಾಡಿದವರದ್ದಾಗಲಿ ತಪ್ಪಿಲ್ಲದೆ ಒಂದು ವೈನ್ ಹೀಗಾಗುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಅದರ ಮರುದಿನದ ಬರೋಲೊ ಆ ಸಂಕಟವನ್ನು ಮರೆಸಿತು. ದೊಡ್ಡ ಬಾಟಲಿಯದ್ದನ್ನು ಮೂಸಿದರೆ ಒಣಗಿದ ಗುಲಾಬಿ, ಅದರಡಿಯಲ್ಲಿ ಡಾಂಬರು, ಮತ್ತೆ ಹುಳಿ ಚೆರ್ರಿ. ಬರೋಲೊ ಬಗ್ಗೆ ಎಲ್ಲರೂ ಹೇಳುವ ಗುಲಾಬಿ, ಡಾಂಬರು ಇವೇ. ಒಗರು ಹೋಗಿರಲಿಲ್ಲ, ಆದರೆ ಅದರ ಅಂಚು ನುಣುಪಾಗಿತ್ತು. ನುಂಗಿದ ಮೇಲೂ ರುಚಿ ಬಹಳ ಹೊತ್ತು ನಿಂತಿತು. ಪುಟ್ಟ ಬಾಟಲಿಯದ್ದು ಇನ್ನೂ ಬಿಗಿ, ಮೊದಲ ಸಂಜೆ ಇದ್ದಂತೆಯೇ. "ಎರಡೂ ಒಂದೇ ವೈನಾ ಅಕ್ಕಾ?" ಅಂತ ತಮ್ಮ ಗ್ಲಾಸು ಅದಲು ಬದಲು ಮಾಡಿ ನೋಡಿದ. ರೀಸ್ಲಿಂಗಿನಲ್ಲಿ ನಾಲಿಗೆಯ ತುದಿ ಚುರುಗುಡಿಸುತ್ತಿದ್ದ ಸಣ್ಣ ಗ್ಯಾಸು ಹೋಗಿತ್ತು. ಮಿಕ್ಕದ್ದೆಲ್ಲ ಹಾಗೇ ಇತ್ತು. ಹುಳಿ ಚೆನ್ನಾಗಿರುವ ವೈನ್ ಬೇಗ ಕುಸಿಯುವುದಿಲ್ಲ.

ಎಲ್ಲ ವೈನಿಗೂ ಇಷ್ಟು ಕಾಯಬಾರದು ಅನ್ನುವುದನ್ನೂ ಹೇಳಬೇಕು. ದಶಕಗಳಷ್ಟು ಹಳೆಯ ವೈನ್ ಕೆಲವೊಮ್ಮೆ ಒಂದು ಗಂಟೆಯಲ್ಲೇ ಬಾಡಿಹೋಗುತ್ತದೆ. ಎಳೆಯದಾದರೂ ಗಾಳಿ ಅತಿಯಾದರೆ ಆಲ್ಕೋಹಾಲ್ ಅಸಿಟಾಲ್ಡಿಹೈಡ್ ಆಗಿ, ಹೆಚ್ಚಿ ಬಿಟ್ಟ ಸೇಬಿನ ವಾಸನೆ ಬರುತ್ತದೆ. ಆಮೇಲೆ ವಿನೆಗರ್. ಅಲ್ಲಿಗೆ ಮುಟ್ಟುವ ಮುಂಚೆ ಮುಗಿಸಬೇಕು.

ರುಚಿ ಬರೆದಿಡುವ ಪುಸ್ತಕದಲ್ಲಿ ಅಂಕ ಬರೆಯುವುದಿಲ್ಲ ನಾನು. ಅಮೆರಿಕದ ವೈನ್ ವಿಮರ್ಶಕ ರಾಬರ್ಟ್ ಪಾರ್ಕರ್ ಜನಪ್ರಿಯ ಮಾಡಿದ 100 ಅಂಕಗಳ ಲೆಕ್ಕದಲ್ಲಿ ಈ ಬರೋಲೊಗೆ ಎಷ್ಟು ಅಂತ ಕೊಡುವುದು, ಯಾವ ದಿನದ್ದು ಅಂತ ಕೊಡುವುದು? 'ಮೊದಲ ದಿನ ಬಿಗಿ, ಒಗರು ಜಾಸ್ತಿ. ಗಾಳಿ ಸಿಕ್ಕಮೇಲೆ ಗುಲಾಬಿ, ಡಾಂಬರು. ಇನ್ನೂ ಐದಾರು ವರ್ಷ ಬೇಕು' ಅಂತ ಬರೆದೆ. ಇದರ ಜೊತೆಗೇ ಕೊಂಡಿದ್ದ ಇನ್ನೊಂದು ಬಾಟಲಿ ಇದೆ. ಅದನ್ನು ಬೆಳಕು ಬೀಳದ ಕಡೆ ಮಲಗಿಸಿಟ್ಟಿದ್ದೇನೆ, ಸದ್ಯಕ್ಕೆ ಮುಟ್ಟುವುದಿಲ್ಲ.