ಖಾತೆಯಲ್ಲಿರುವ ದುಡ್ಡೆಲ್ಲ ಖರ್ಚಿಗಲ್ಲ

ಕ್ಯಾಲಿಫೋರ್ನಿಯಾದ ಒಂದು ಪುಟ್ಟ ಜಪಾನಿ ಸಾಂಸ್ಕೃತಿಕ ಕೇಂದ್ರದ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಟೈಕೊ ಡೋಲು, ಇಕೆಬಾನಾ ಎಂಬ ಹೂಜೋಡಣೆ, ಭಾಷೆಯ ಕ್ಲಾಸು ಎಲ್ಲವೂ ಒಂದೇ ಹಳೇ ಕಟ್ಟಡದಲ್ಲಿ. ಕ್ಲಾಸಿನ ಫೀಸು ಟೀಚರುಗಳ ಸಂಬಳಕ್ಕೆ ಸಾಕಾದರೆ ಹೆಚ್ಚು. ಕರೆಂಟು, ಇನ್ಶೂರೆನ್ಸು, ಸೋರುವ ಚಾವಣಿ, ಇದಕ್ಕೆಲ್ಲ ಆಧಾರ ಗತಿಸಿದ ಹಿರಿಯರನ್ನು ನೆನೆಯುವ ಬೇಸಿಗೆಯ ಓಬೋನ್ ಹಬ್ಬ ಮತ್ತು ಡಿಸೆಂಬರಿನ ಮೋಚಿತ್ಸುಕಿ.

ಮೋಚಿತ್ಸುಕಿ ಅಂದರೆ ಹೊಸ ವರ್ಷಕ್ಕೆ ಮೋಚಿ ಎಂಬ ಅಂಟಕ್ಕಿ ತಿನಿಸು ಕುಟ್ಟುವ ದಿನ. ಅಂಟಕ್ಕಿಯನ್ನು ಹಿಂದಿನ ರಾತ್ರಿಯೇ ನೆನೆಹಾಕಿ, ಹಬೆಯಲ್ಲಿ ಬೇಯಿಸಿ, ಉಸು ಎಂಬ ಒರಳಿಗೆ ಹಾಕಿ ಮರದ ಕೊಡತಿಯಿಂದ ಕುಟ್ಟುತ್ತಾರೆ. ಅಜ್ಜಿಯರು ಕೈಗೆ ಹಿಟ್ಟು ಸವರಿಕೊಂಡು, ಸುಡುಸುಡುವ ಮುದ್ದೆಯನ್ನು ಮುರಿದು ಉಂಡೆ ಮಾಡುತ್ತಾರೆ. ಯಾರಿಗೂ ಕೂಲಿ ಇಲ್ಲ. ಲಾಭ ಉಳಿಯುವುದೇ ಅದರಿಂದ. ಆದರೆ ಆ ದುಡಿಮೆ ನಮ್ಮ ಲೆಕ್ಕದ ಪುಸ್ತಕದಲ್ಲಿ ಎಲ್ಲೂ ಕಾಣುವುದಿಲ್ಲ. ಅವರಿಗೆ ವಯಸ್ಸಾಗುತ್ತಿದೆ, ಜೊತೆಗೆ ಕೂತು ಕಲಿಯುವ ಕಿರಿಯರು ಕಮ್ಮಿ. ನಮ್ಮ ಹಣಕಾಸಿನ ದೊಡ್ಡ ಚಿಂತೆ ಇದೇ ಅಂತ ನಾನು ಬೋರ್ಡ್ ಮೀಟಿಂಗಿನಲ್ಲಿ ಹೇಳುತ್ತಲೇ ಇರುತ್ತೇನೆ.

ಇನ್ನು ಕೋಡೆನ್. ಸಾವಿನ ಮನೆಗೆ ನೆಂಟರಿಷ್ಟರು ಲಕೋಟೆಯಲ್ಲಿ ಹಾಕಿ ಕೊಡುವ ಹಣ. ನಮ್ಮಲ್ಲಿ ಮುಯ್ಯಿ ಬರೆದಿಡುವ ಹಾಗೆ ಅವರೂ ಯಾರು ಎಷ್ಟು ಕೊಟ್ಟರು ಅಂತ ಬರೆದಿಡುತ್ತಾರೆ. ಅದರಲ್ಲಿ ಒಂದಷ್ಟನ್ನು ತೀರಿಕೊಂಡವರ ಹೆಸರಿನಲ್ಲಿ ಕೇಂದ್ರಕ್ಕೆ ಕೊಡುವ ಕುಟುಂಬಗಳಿವೆ. ‘ಮಕ್ಕಳ ಟೈಕೊಗೆ’ ಅಂತ ಬರೆದುಕೊಟ್ಟರೆ ಅದು ಟೈಕೊಗೆ ಮಾತ್ರ. ಚಾವಣಿ ಎಷ್ಟೇ ಸೋರಲಿ, ಆ ಹಣ ಮುಟ್ಟುವ ಹಾಗಿಲ್ಲ.

ಅದಕ್ಕೇ ನನ್ನ ತಿಂಗಳ ವರದಿ ಬ್ಯಾಂಕ್ ಬ್ಯಾಲೆನ್ಸಿನಿಂದ ಶುರುವಾಗುವುದಿಲ್ಲ. ಷರತ್ತಿಲ್ಲದ ಹಣ ಎಷ್ಟಿದೆ, ಅದರಲ್ಲಿ ಎಷ್ಟು ತಿಂಗಳು ದೂಡಬಹುದು, ಮೊದಲು ಅದು. ಹಬ್ಬ ಮುಗಿದ ವಾರ ಖಾತೆ ತುಂಬಿಕೊಂಡಿರುತ್ತದೆ. ಹೊಸ ಸ್ಟೇಜು, ಹೊಸ ಮೈಕು ಅಂತ ಆಸೆ ಹುಟ್ಟುವುದು ಸಹಜ, ಅಲ್ವಾ? ಆದರೆ ಡಿಸೆಂಬರಿನಲ್ಲಿ ಬಂದ ದುಡ್ಡು ಮುಂದಿನ ಓಬೋನ್ ತನಕ ಬರಬೇಕು.

ಇಲ್ಲಿನ ಕನ್ನಡ ಕೂಟಗಳ ಖಜಾಂಚಿಗಳಿಗೂ ಉಪಯೋಗವಾಗುವ ಮಾತೊಂದಿದೆ. ತೆರಿಗೆ ವಿನಾಯಿತಿ ಇರುವ ಇಂಥ ಸಂಸ್ಥೆ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೆ ವರ್ಷವರ್ಷವೂ ಫಾರ್ಮ್ 990 ಎಂಬ ಲೆಕ್ಕದ ವಿವರ ಕೊಡಬೇಕು. ಒಟ್ಟು ಆದಾಯ ಸಾಮಾನ್ಯವಾಗಿ ವರ್ಷಕ್ಕೆ 50,000 ಡಾಲರ್ ಮೀರದವರಿಗೆ ಆನ್‌ಲೈನಿನಲ್ಲಿ ತುಂಬುವ ಬರೀ ಒಂದು ಚಿಕ್ಕ ಇ-ಪೋಸ್ಟ್‌ಕಾರ್ಡ್ ಸಾಕು. ಸತತ 3 ವರ್ಷ ಕೊಡದಿದ್ದರೆ ವಿನಾಯಿತಿ ತಾನಾಗಿಯೇ ರದ್ದಾಗುತ್ತದೆ. ಡಿಸೆಂಬರಿಗೆ ಲೆಕ್ಕದ ವರ್ಷ ಮುಗಿಸುವವರಿಗೆ ಗಡುವು ಮೇ 15.