ಲೂಯಿಸಿಯಾನಾ ಜೌಗಿಗೆ ಬಾಲ್ಡ್ ಸೈಪ್ರಸ್ ಕೀಳೋಕೆ ಹೋಗ್ತಿದ್ದೀರಾ? ಗರಗಸಕ್ಕಿಂತ ಮೊದ್ಲು ಕೈ ಹಾಕಿ

ಹೋದ ವರ್ಷ ಜನವರಿ ಕೊನೆ ವಾರ ನಾನೂ ನನ್ನ ಫ್ರೆಂಡೂ ಹ್ಯೂಸ್ಟನ್‌ನಿಂದ ಟ್ರಕ್ ತಗೊಂಡು ಲೂಯಿಸಿಯಾನಾಗೆ ಹೋಗಿ ಬೋನ್ಸಾಯ್‌ಗೆ ಅಂತ ಮೂರು ಬಾಲ್ಡ್ ಸೈಪ್ರಸ್ ಕಿತ್ಕೊಂಡು ಬಂದ್ವಿ. ಅದ್ರಲ್ಲಿ ಒಂದು ಚೆನ್ನಾಗಿದೆ, ಒಂದು ಸತ್ತೋಯ್ತು, ಇನ್ನೊಂದು ಬದುಕಿದೆ ಆದ್ರೆ ಯಾವ ಕುಂಡಕ್ಕೂ ಬರಲ್ಲ. ಆ ಎರಡು ಹಾಳಾಗಿದ್ದು ನನ್ನ ಆತುರಕ್ಕೇ ಹೊರತು ಮರದ ತಪ್ಪಲ್ಲ, ಅದಕ್ಕೇ ಇದನ್ನ ಬರೀತಿದೀನಿ.

ಗೊತ್ತಿಲ್ಲದವರಿಗೆ: ಇದು ಪೈನ್ ಥರ ಕಾಯಿ ಬಿಡೋ ಜಾತಿ ಮರ, ಆದ್ರೆ ಚಳಿಗಾಲದಲ್ಲಿ ಎಲೆ ಪೂರ್ತಿ ಉದುರಿಸಿ ಬೋಳಾಗಿ ನಿಲ್ಲುತ್ತೆ, ಹೆಸರಲ್ಲಿ ಬಾಲ್ಡ್ ಅಂತ ಬಂದಿದ್ದೂ ಅದಕ್ಕೇ. ಲೂಯಿಸಿಯಾನಾದ ರಾಜ್ಯ ಮರ ಬೇರೆ. ನೀರಲ್ಲಿ ನಿಂತು ಬೆಳೆದಿದ್ದು ಬುಡದಲ್ಲಿ ಆನೆ ಕಾಲಿನ ಹಾಗೆ ಊದ್ಕೊಂಡಿರುತ್ತೆ, ಬೋನ್ಸಾಯ್ ಮಾಡೋರು ಜೊಲ್ಲು ಸುರಿಸೋದು ಆ ಬುಡಕ್ಕೆ. ಬೀಜ ಹಾಕಿ ಅಂಥ ಬುಡ ಮಾಡ್ಬೇಕಂದ್ರೆ ವರ್ಷಗಟ್ಟಲೆ ಕಾಯ್ಬೇಕು.

ಹೋಗೋಕೆ ಸರಿಯಾದ ಟೈಮು ಜನವರಿ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ. ಮರ ಮಲಗಿರುತ್ತೆ, ಇನ್ನೇನು ಏಳೋ ಹೊತ್ತು, ಬೇರು ಕತ್ತರಿಸಿದ್ರೂ ತಡ್ಕೊಳತ್ತೆ. ಮೊಸಳೆ ಜಾತಿಯ ಅಲಿಗೇಟರ್‌ಗಳೂ ಚಳಿಗೆ ಮಂಕಾಗಿರ್ತವೆ. ಹಾವಿನ ವಿಷ್ಯದಲ್ಲಿ ಮಾತ್ರ ಆ ಧೈರ್ಯ ಬೇಡ, ಒಂದು ದಿನ ಬಿಸಿಲು ಚುರುಕಾದ್ರೂ ಕಾಟನ್‌ಮೌತ್ ಅನ್ನೋ ವಿಷದ ಹಾವು ದಿಮ್ಮಿ ಮೇಲೆ ಬಂದು ಮಲಗಿರುತ್ತೆ, ಎಲ್ಲಿ ಕೈ ಇಡ್ತೀರಾ ಅಂತ ನೋಡ್ಕೊಂಡು ಇಡಿ. ಮರಕ್ಕೆ ಸುತ್ಕೊಂಡಿರೋ ಪಾಯ್ಸನ್ ಐವಿ ಬಳ್ಳಿ ಎಲೆ ಇಲ್ದಿದ್ರೂ ತುರಿಸತ್ತೆ. ಆ ಟೈಮಲ್ಲಿ ಬೇಟೆ ಸೀಸನ್ ಇನ್ನೂ ಮುಗಿದಿರಲ್ಲ, ಕಿತ್ತಳೆ ಬಣ್ಣದ ಜಾಕೆಟ್ ಹಾಕ್ಕೊಳ್ಳಿ.

ಈಗ ಪರ್ಮಿಷನ್ ವಿಷ್ಯ. ಅಷ್ಟು ದೊಡ್ಡ ಜೌಗು, ಯಾರ್ ಕೇಳ್ತಾರೆ ಅಂತ ಅನ್ಸತ್ತೆ, ಕೇಳ್ತಾರೆ. ವೈಲ್ಡ್‌ಲೈಫ್ ರೆಫ್ಯೂಜ್, ಸ್ಟೇಟ್ ಪಾರ್ಕು ಇಂಥ ಕಡೆ ಕೀಳೋ ಹಾಗಿಲ್ಲ. ಅಲ್ಲಿನ ದೊಡ್ಡ ಜೌಗು ಪ್ರದೇಶ ಅಚಫಲಾಯಾ ಬೇಸಿನ್‌ನಲ್ಲಿ ಎಷ್ಟೋ ಜಾಗ ನೋಡೋಕೆ ಕಾಡಿದ್ದಂಗಿದ್ರೂ ಖಾಸಗಿಯವರದ್ದು. ನಾವು ಲಫಾಯೆಟ್ ಹತ್ರ ಒಬ್ಬ ಜಮೀನು ಯಜಮಾನ್ರನ್ನ ಫ್ರೆಂಡ್ ಕಡೆಯಿಂದ ಹಿಡಿದು, ಎಷ್ಟು ಮರ, ಯಾವ ದಿನ, ಯಾವ ಮೂಲೆ ಅಂತ ಒಂದು ಕಾಗದದಲ್ಲಿ ಬರೆಸಿ ಸೈನ್ ಹಾಕಿಸ್ಕೊಂಡ್ವಿ. ಅವ್ರಿಗೆ ಅವು ಕಾಲುವೆಗೆ ಅಡ್ಡ ಬರೋ ಗಿಡಗಳು, ಯಾರಾದ್ರೂ ಕಿತ್ಕೊಂಡು ಹೋದ್ರೆ ಸಾಕಾಗಿತ್ತು. ಇಂಥ ಜಾಗ ಹುಡುಕಿ, ಕಾಲುವೆ ಬದಿ, ಕೊಳದ ಅಂಚು, ಹೇಗಿದ್ರೂ ಕಡಿಯೋ ಮರಗಳು.

ಹ್ಯೂಸ್ಟನ್‌ನಿಂದ ಲಫಾಯೆಟ್‌ಗೆ ದೂರ ಸುಮಾರು 215 ಮೈಲಿ, ಐ-10 ಹೈವೇ ಹಿಡಿದ್ರೆ ಮೂರೂವರೆ ಗಂಟೆ. ಒಂದು ದಿನ ಮುಂಚೇನೇ ಹೋಗಿ. ಬ್ರೋ ಬ್ರಿಜ್ ಹತ್ರ ಲೇಕ್ ಮಾರ್ಟಿನ್ ಇದೆ, ಅಲ್ಲಿ ಒಂದೆಲೆ ಕೂಡ ಮುಟ್ಬೇಡಿ, ಸುಮ್ನೆ ನಿಂತು ಹಳೇ ಮರಗಳ ತಲೆ ನೋಡಿ. ಚಿಕ್ಕ ಸೈಪ್ರಸ್ ಕ್ರಿಸ್‌ಮಸ್ ಟ್ರೀ ಥರ ಚೂಪಾಗಿರುತ್ತೆ, ವಯಸ್ಸಾದ ಮೇಲೆ ತುದಿ ಮುರಿದು ಮೇಲ್ಗಡೆ ಕೊಡೆ ಬಿಚ್ಚಿದಂಗೆ ಚಪ್ಪಟೆಯಾಗುತ್ತೆ. ನ್ಯೂ ಆರ್ಲಿಯನ್ಸ್‌ನ ವಾನ್ ಬ್ಯಾಂಟಿಂಗ್ ಅನ್ನೋ ಬೋನ್ಸಾಯ್ ಕಲಾವಿದರು ಇದನ್ನ ನೋಡಿಯೇ ಫ್ಲಾಟ್ ಟಾಪ್ ಅನ್ನೋ ಶೈಲಿನ ಬೆಳೆಸಿದ್ದು. ಫೋಟೋದಲ್ಲಿ ನೂರು ಸಲ ನೋಡಿದ್ದೆ, ಅಲ್ಲಿ ನಿಂತಾಗಲೇ ಯಾವ ಎತ್ತರದಲ್ಲಿ ಕಡೀಬೇಕು ಅನ್ನೋದು ತಲೆಗೆ ಹೋಗಿದ್ದು.

ಸಾಮಾನು ಜಾಸ್ತಿ ಬೇಡ. ಎದೆವರೆಗೆ ಬರೋ, ನೀರು ಒಳಗೆ ಬಿಡದ ವೇಡರ್ ಪ್ಯಾಂಟು, ಬ್ಯಾಟರಿ ಗರಗಸ, ಎರಡು ಎಕ್ಸ್‌ಟ್ರಾ ಬ್ಯಾಟರಿ, ಉದ್ದ ಹಲ್ಲಿನ ಬ್ಲೇಡು ಬೇಕಾದಷ್ಟು ಯಾಕಂದ್ರೆ ಕೆಸರಲ್ಲಿ ಬ್ಲೇಡ್ ಮೊಂಡಾಗೋದು ನಿಮಿಷದ ಕೆಲ್ಸ, ಒಂದು ಕೈಗರಗಸ, ಕಟ್ ಪೇಸ್ಟು, ದಪ್ಪ ಕಪ್ಪು ಪ್ಲಾಸ್ಟಿಕ್ ಚೀಲ, ಹಳೇ ಬಟ್ಟೆ, ಮರ ಎಳ್ಕೊಂಡು ಬರೋಕೆ ಮಕ್ಕಳು ಹಿಮದಲ್ಲಿ ಜಾರೋ ಪ್ಲಾಸ್ಟಿಕ್ ಸ್ಲೆಡ್ಡು. ಈ ಸ್ಲೆಡ್ ಐಡಿಯಾ ಫ್ರೆಂಡ್‌ದು, ನಾನು ನಕ್ಕಿದ್ದೆ, ಆಮೇಲೆ ಅದಿಲ್ದೇ ಇದ್ದಿದ್ರೆ ಅಲ್ಲೇ ಬಿಟ್ಟು ಬರ್ಬೇಕಾಗ್ತಿತ್ತು.

ಈಗ ಮುಖ್ಯ ವಿಷ್ಯ. ನೀರಿನ ಮೇಲೆ ಕಾಣೋ ಕಾಂಡ ನೋಡಿ ಮರ ಆರಿಸ್ಬೇಡಿ. ನಾನು ಮೊದಲನೇ ಮರ ಹಾಗೇ ಆರಿಸಿದ್ದು, ನಾಲ್ಕಿಂಚು ದಪ್ಪ, ನೆಟ್ಟಗೆ, ತೊಗಟೆ ಚೆಂದ, ನೋಡಿದ ತಕ್ಷಣ ಗರಗಸ ಆನ್ ಮಾಡ್ಬಿಟ್ಟೆ. ಇಪ್ಪತ್ತು ನಿಮಿಷ ಒದ್ದಾಡಿ ಮೇಲೆತ್ತಿದ್ರೆ ಬೇರೆಲ್ಲ ಒಂದೇ ಕಡೆ, ಇನ್ನೊಂದು ಕಡೆ ಗೋಡೆ ಥರ ಬೋಳು. ಕುಂಡಕ್ಕೆ ಬರಲ್ಲ ಅಂದಿದ್ದು ಇದೇ, ಈಗ ಹಿತ್ತಲಲ್ಲಿ ನೆಟ್ಟಿದೀನಿ. ಎರಡನೇದಕ್ಕೆ ಫ್ರೆಂಡ್ ನನ್ನ ಕೈ ಹಿಡಿದು ನಿಲ್ಲಿಸ್ದ. ಅಂಗಿ ತೋಳು ಮೇಲಕ್ಕೆ ಮಡಚಿ, ಕೈನ ಮೊಣಕೈವರೆಗೆ ಕೆಸರಿಗೆ ಇಳಿಸಿ, ಕಾಂಡದ ಸುತ್ತ ನಿಧಾನಕ್ಕೆ ಬೆರಳಾಡಿಸ್ಬೇಕು. ಮೊದ್ಲು ಕೊಳೆತ ಎಲೆ, ಅದರ ಕೆಳಗೆ ತಣ್ಣನೆ ಮೆತ್ತನೆ ಮಣ್ಣು, ಆಮೇಲೆ ಇದ್ದಕ್ಕಿದ್ದಂಗೆ ಕಾಂಡ ಹೊರಗೆ ಹರಡೋಕೆ ಶುರುವಾಗಿದ್ದು ಬೆರಳಿಗೆ ಸಿಗುತ್ತೆ, ಏಣು ಏಣಾಗಿ, ಒಂದೊಂದು ಏಣಿನ ಕೊನೆಗೂ ಒಂದೊಂದು ಬೇರು. ಸುತ್ತ ನಾಲ್ಕೈದು ಕಡೆ ಹಾಗೆ ಸಿಕ್ರೆ ಆ ಮರ ನಿಮ್ಮದು. ಕೈ ಮರಗಟ್ಟುತ್ತೆ, ಆಗ್ಲಿ.

ಆರಿಸಿದ್ಮೇಲೆ ಮೊದ್ಲು ತಲೆ ಕಡೀರಿ, ಅಂದ್ಕೊಂಡಿದ್ದಕ್ಕಿಂತ ಒಂದಡಿ ಉದ್ದ ಬಿಟ್ಟು, ಗಿಡ್ಡ ಮಾಡೋದು ಯಾವಾಗ್ಲಾದ್ರೂ ಮಾಡ್ಬಹುದು. ಕೊಂಬೆ ಉಳಿಸ್ಕೊಳೋ ಆಸೆ ಬೇಡ, ಇದು ಬರೀ ಕಂಬದಿಂದಲೂ ಚಿಗುರೋ ಮರ. ಕಾಂಡದಿಂದ ಏಳೆಂಟು ಇಂಚು ದೂರದಲ್ಲಿ ಸುತ್ತ ಗರಗಸ ಆಡಿಸಿ, ಆಮೇಲೆ ಓರೆಯಾಗಿ ಕೆಳಗೆ ಹಾಕಿ ತಾಯಿಬೇರು ಕತ್ತರಿಸಿ, ಅಲ್ಲಾಡಿಸಿದ್ರೆ ಬುಳಕ್ ಅಂತ ಬರುತ್ತೆ. ಕಡಿದ ದೊಡ್ಡ ಗಾಯಗಳಿಗೆ ಪೇಸ್ಟ್ ಹಚ್ಚಿ.

ಮಣ್ಣು ಅಲ್ಲೇ ತೊಳೆದುಬಿಡಿ. ಜೌಗಿನ ಮಣ್ಣು ಕುಂಡದಲ್ಲಿ ಗಾರೆ ಥರ ಗಟ್ಟಿಯಾಗತ್ತೆ, ಅದಲ್ದೇ ಫೈರ್ ಆ್ಯಂಟ್ ಇರುವೆ ಕ್ವಾರಂಟೈನ್ ಅಂತ ಫೆಡರಲ್ ರೂಲ್ ಇದೆ, ಲೂಯಿಸಿಯಾನಾ ಪೂರ್ತಿ ಅದರೊಳಗೆ ಬರುತ್ತೆ, ಮಣ್ಣಿರೋ ಬೇರನ್ನ ಆ ಏರಿಯಾದಿಂದ ಆಚೆ ಸಾಗಿಸೋಕೆ ಸರ್ಟಿಫಿಕೇಟ್ ಬೇಕು. ದೂರದ ರಾಜ್ಯದವರು ಹೊರಡೋ ಮುಂಚೆ ನಿಮ್ಮ ರಾಜ್ಯದ ಕೃಷಿ ಇಲಾಖೆಗೆ ಒಂದು ಫೋನ್ ಮಾಡಿ. ತೊಳೆದ ತಕ್ಷಣ ಒದ್ದೆ ಬಟ್ಟೆ ಸುತ್ತಿ ಚೀಲದೊಳಗೆ ಹಾಕಿ ಕಟ್ಟಬೇಕು. ಮೂರನೇ ಮರ ತಗೊಂಡಾಗ ಕತ್ತಲಾಗ್ತಿತ್ತು, ಚೀಲನೂ ಮುಗಿದಿತ್ತು, ಮೂರೂವರೆ ಗಂಟೆ ತಾನೆ ಅಂತ ಹಾಗೇ ಟ್ರಕ್ ಹಿಂದೆ ಹಾಕ್ಕೊಂಡು ಹೈವೇಲಿ ಬಂದೆ. ಗಾಳಿಗೆ ಸಣ್ಣ ಬೇರೆಲ್ಲ ಒಣಗಿ ದಾರ ಆಗಿತ್ತು. ಸತ್ತಿದ್ದು ಅದೇ. ಅದಕ್ಕೇ ಮಧ್ಯಾಹ್ನ ಮೂರಕ್ಕೆಲ್ಲ ನೀರಿಂದ ಮೇಲೆ ಬನ್ನಿ, ಒಬ್ಬರಿಗೆ ಒಂದು, ಹೆಚ್ಚಂದ್ರೆ ಎರಡು ಮರ ಸಾಕು.

ಮನೆಗೆ ಬಂದ ಮಾರನೇ ದಿನಾನೇ ನೆಡಿ. ಅಗಲ ಟಬ್ಬು, ತಳದಲ್ಲಿ ತೂತು, ನೀರು ಇಳಿದು ಹೋಗೋ ಪ್ಯೂಮಿಸ್ (ತೂತು ತೂತಾದ ಹಗುರ ಕಲ್ಲು) ಥರದ ಒರಟು ಮಿಶ್ರಣ, ಮರ ಅಲ್ಲಾಡದ ಹಾಗೆ ತಂತಿ ಕಟ್ಟಿ. ಆಮೇಲೆ ಬಿಟ್ಬಿಡಿ. ಬೇರು ಬಂತಾ ಅಂತ ಎಳೆದು ನೋಡೋ ಚಟ ಇರೋರು ಕೈ ಕಟ್ಕೊಂಡು ಕೂತ್ಕೊಳಿ. ನಂದು ಮಾರ್ಚ್ ಕೊನೆಗೆ ತೊಗಟೆ ಸೀಳ್ಕೊಂಡು ಹಸಿರು ಗುಂಡುಸೂಜಿ ತಲೆ ಥರ ಚಿಗುರು ಬಿಡ್ತು, ಕಂಬದ ತುಂಬಾ. ಚಿಗುರು ಬಲಿತ ಮೇಲೆ ಗೊಬ್ಬರ ಕೊಡಿ, ಬೇಸಿಗೆಯಲ್ಲಿ ಪೂರ್ತಿ ಬಿಸಿಲಲ್ಲಿಟ್ಟು ಟಬ್ ಕೆಳಗೆ ನೀರಿನ ತಟ್ಟೆ ಇಡಿ, ಕುಡಿಯುತ್ತೆ ಮಹಾರಾಯ. ರೆಂಬೆ ಬಗ್ಗಿಸೋಕೆ ವೈರ್ ಸುತ್ತಿದ್ರೆ ವಾರಕ್ಕೊಮ್ಮೆ ನೋಡಿ, ರೆಂಬೆ ದಪ್ಪ ಆಗೋ ಸ್ಪೀಡಿಗೆ ವೈರ್ ಒಳಗೇ ಹೂತು ಹೋಗತ್ತೆ. ಮೇಲಿನ ಚಿಗುರು ಎಲ್ಲಾ ಶಕ್ತಿ ತಿಂದುಬಿಡುತ್ತೆ, ಅದನ್ನ ಆಗಾಗ ಕತ್ತರಿಸ್ತಿದ್ರೆನೇ ಕೆಳಗಿನವು ಬರೋದು.

ನವೆಂಬರ್ ಹೊತ್ತಿಗೆ ಎಲೆ ಇಟ್ಟಿಗೆ ಬಣ್ಣಕ್ಕೆ ತಿರುಗಿ ಉದುರುತ್ತೆ. ಸತ್ತೋಯ್ತು ಅಂತ ಎಸೀಬೇಡಿ, ಉಗುರಲ್ಲಿ ತೊಗಟೆ ಚೂರು ಕೆರೆದು ನೋಡಿ, ಒಳಗೆ ಹಸಿರಿದ್ರೆ ಮಲಗಿದೆ ಅಷ್ಟೇ.