ಜೆಮ್ ಕ್ಲಿಪ್ ಇಡೋ ಡಬ್ಬಿ

ನ್ಯೂಯಾರ್ಕಿಗೆ ಬಂದ ಮೊದಲ ಡಿಸೆಂಬರಿನಲ್ಲಿ ಆಫೀಸಿನಲ್ಲಿ ನನಗೆ ಸಿಕ್ಕ ಕ್ರಿಸ್ಮಸ್ ಉಡುಗೊರೆ ಒಂದು ಹಳೇ ಸಿಗಾರ್ ಡಬ್ಬಿ. ಒಳಗೆ ಸಿಗಾರೂ ಇಲ್ಲ, ಚಾಕೊಲೇಟೂ ಇಲ್ಲ. ಬರೀ ಡಬ್ಬಿ.

ಇಲ್ಲಿನ ಆಫೀಸುಗಳಲ್ಲಿ ಒಂದು ರೂಢಿ ಇದೆ. ಎಲ್ಲರ ಹೆಸರು ಬರೆದು ಚೀಟಿ ಎತ್ತುತ್ತಾರೆ. ನಿಮಗೆ ಯಾರ ಚೀಟಿ ಬಂತೋ ಅವರಿಗೆ ಗುಟ್ಟಾಗಿ ಏನಾದರೂ ತರಬೇಕು. ನಮ್ಮಲ್ಲಿ 20 ಡಾಲರ್ ಮಿತಿ. ನಾನು ಎರಡು ಅಂಗಡಿ ಸುತ್ತಿ, 19 ಡಾಲರ್ ಕೊಟ್ಟು ಒಳ್ಳೆಯ ಮಫ್ಲರ್ ತಂದಿದ್ದೆ. ನನ್ನ ಪಾಲಿಗೆ ಬಂದದ್ದು ಈ ಡಬ್ಬಿ. ಮುಚ್ಚಳ ತೆಗೆದರೆ ಒಂದು ಚೀಟಿ: 'ನಿಮ್ಮ ಜೆಮ್ ಕ್ಲಿಪ್‌ಗಳಿಗೆ'. ನನ್ನ ಮೇಜಿನ ಮೇಲೆ ಕ್ಲಿಪ್‌ಗಳು ಸದಾ ಚೆಲ್ಲಾಪಿಲ್ಲಿ ಬಿದ್ದಿರುತ್ತವೆ, ನಿಜ. ಅದನ್ನು ಹೀಗೆ ಎಲ್ಲರೆದುರು ಎತ್ತಿ ಆಡಬೇಕಾ? ಸುತ್ತ ನಿಂತವರು ಮಾತ್ರ ಎದೆ ಮೇಲೆ ಕೈಯಿಟ್ಟುಕೊಂಡು ಕರಗಿಹೋಗಿದ್ದರು. ಒಬ್ಬಾಕೆ ಕಣ್ಣೂ ಒರೆಸಿಕೊಂಡಳು. ನಾನು ಹಲ್ಲು ಕಿರಿದು ಥ್ಯಾಂಕ್ಸ್ ಹೇಳಿದೆ. ಮನೆಗೆ ಬಂದು ಗಂಡನ ಮೇಲೆ ಹರಿಹಾಯ್ದೆ. "ಯಾರೋ ಸೇದಿ ಬಿಸಾಕಿದ ಡಬ್ಬಿ ರೀ!"

ಕೊಟ್ಟವರು ನಮ್ಮ ಟೀಮಿನ ಹಿರಿಯ ಎಂಜಿನಿಯರ್. ನಲವತ್ತರ ಮನುಷ್ಯ, ತಮಾಷೆ ಮಾಡುವ ಪೈಕಿ ಅಲ್ಲ. ಜನವರಿಯಲ್ಲಿ ಒಂದು ದಿನ ಧೈರ್ಯ ಮಾಡಿ ಕೇಳಿಯೇ ಬಿಟ್ಟೆ. ಅವರು ಕಾಫಿ ಕಪ್ ಕೆಳಗಿಟ್ಟರು. "ನಿಮಗೆ ಗೊತ್ತೇ ಇಲ್ವಾ?" ಅಂದರು. ಮುಖ ಕೆಂಪಾಗಿತ್ತು. ಮಾರನೇ ದಿನ ಒಂದು ಡಿವಿಡಿ ತಂದು, ಸೋಮವಾರ ವಾಪಸ್ ಬೇಕು ಅಂತ ಎರಡು ಸಲ ಹೇಳಿ ಕೊಟ್ಟರು, ಜಮೀನಿನ ಪತ್ರ ಕೊಡುವ ಹಾಗೆ.

ಅದು 'ಕ್ರಿಸ್ಮಸ್ ಈವ್ ಆನ್ ಸೆಸಮಿ ಸ್ಟ್ರೀಟ್'. 1978ರ ಡಿಸೆಂಬರ್ 3ರಂದು ಇಲ್ಲಿನ ಸಾರ್ವಜನಿಕ ಟಿವಿ ಪಿಬಿಎಸ್‌ನಲ್ಲಿ ಬಂದ ಒಂದು ಗಂಟೆಯ ವಿಶೇಷ ಕಾರ್ಯಕ್ರಮ. ಸೆಸಮಿ ಸ್ಟ್ರೀಟ್ ಅಂದರೆ ಗೊಂಬೆಗಳೂ ಮನುಷ್ಯರೂ ಒಂದೇ ಬೀದಿಯಲ್ಲಿ ಬದುಕುವ ಮಕ್ಕಳ ಟಿವಿ ಕಾರ್ಯಕ್ರಮ, ಶುರುವಾದದ್ದು 1969ರಲ್ಲಿ. ನಮ್ಮ ಕಡೆ 2006ರಲ್ಲಿ ಹಿಂದಿಯಲ್ಲಿ 'ಗಲಿ ಗಲಿ ಸಿಮ್ ಸಿಮ್' ಅಂತ ಬಂತಲ್ಲ, ಅದರ ಮೂಲ ಇದು. ಅಷ್ಟು ಹೊತ್ತಿಗೆ ನಾನು ಕೆಲಸಕ್ಕೆ ಸೇರಿ ಆಗಿತ್ತು. ಹಾಗಾಗಿ ಬಾಲ್ಯದ ನೆನಪು ಅನ್ನೋ ಲೆಕ್ಕದಲ್ಲಿ ನನ್ನ ಖಾತೆಯಲ್ಲಿ ಸೊನ್ನೆ.

ಮೊದಲ ಸಲ ನೋಡಿದಾಗ, ಸುಳ್ಳು ಯಾಕೆ ಹೇಳಲಿ, ಬೇಜಾರೇ ಆಯಿತು. ಶುರುವಿನಲ್ಲಿ ಎಲ್ಲರೂ ಐಸ್ ಸ್ಕೇಟಿಂಗ್ ಮಾಡುತ್ತಾರೆ, ಮಾಡುತ್ತಲೇ ಇರುತ್ತಾರೆ. ಕುಕೀ ಮಾನ್ಸ್ಟರ್ ಅನ್ನೋ ನೀಲಿ ಹೊಟ್ಟೆಬಾಕ ಸಾಂತಾಗೆ ಕಾಗದ ಬರೆಯಲು ಕೂತು ಪೆನ್ಸಿಲ್ ತಿಂದ. ಆಮೇಲೆ ಟೈಪ್‌ರೈಟರ್, ಆಮೇಲೆ ಫೋನು. ಅಲ್ಲಿ ಮಾತ್ರ ನಕ್ಕೆ.

ಆಮೇಲೆ ಬಂದರು ಎರ್ನಿ ಮತ್ತು ಬರ್ಟ್. ಎರ್ನಿ ಗುಂಡು ತಲೆಯ ಕಿತ್ತಳೆ ಗೊಂಬೆ. ಬರ್ಟ್ ಉದ್ದ ತಲೆಯ ಹಳದಿ ಗೊಂಬೆ, ಎರಡು ಕಣ್ಣಿಗೂ ಸೇರಿ ಒಂದೇ ಹುಬ್ಬು. ಇಬ್ಬರೂ ಒಂದೇ ಮನೆಯಲ್ಲಿರುವ ಗೆಳೆಯರು. ಎರ್ನಿಗೆ ಸ್ನಾನಕ್ಕೆ ರಬ್ಬರ್ ಬಾತುಕೋಳಿ ಬೇಕೇ ಬೇಕು. ಬರ್ಟ್‌ಗೆ ಜೆಮ್ ಕ್ಲಿಪ್ ಕೂಡಿಡುವ ಹುಚ್ಚು. ಹೌದು, ಜೆಮ್ ಕ್ಲಿಪ್! ಇಬ್ಬರ ಕೈಯಲ್ಲೂ ಕಾಸಿಲ್ಲ. ಎರ್ನಿ ಬೀದಿಯ ಅಂಗಡಿಗೆ ಹೋಗಿ, ಬಾತುಕೋಳಿ ಕೊಟ್ಟು, ಬರ್ಟ್‌ನ ಕ್ಲಿಪ್‌ಗಳಿಗೆ ಅಂತ ಒಂದು ಸಿಗಾರ್ ಡಬ್ಬಿ ತರುತ್ತಾನೆ. ಬರ್ಟ್ ಅದೇ ಅಂಗಡಿಗೆ ಹೋಗಿ, ಕ್ಲಿಪ್‌ಗಳನ್ನೆಲ್ಲ ಕೊಟ್ಟು, ಬಾತುಕೋಳಿ ಕೂರಿಸಲು ಒಂದು ಸೋಪ್ ಡಬ್ಬಿ ತರುತ್ತಾನೆ. ಅಮೆರಿಕದ ಕತೆಗಾರ ಓ. ಹೆನ್ರಿಯ 'ದಿ ಗಿಫ್ಟ್ ಆಫ್ ದ ಮೇಜೈ' ಕತೆ ಓದಿದವರಿಗೆ ಎಳೆ ಗೊತ್ತಾಗುತ್ತದೆ. ಉಡುಗೊರೆ ಬಿಚ್ಚಿದಾಗ ಇಬ್ಬರ ಕೈಯಲ್ಲೂ ಡಬ್ಬಿ ಇದೆ, ಒಳಗಿಡಲು ಏನೂ ಇಲ್ಲ.

ಅಂಗಡಿಯವರು ಮಿಸ್ಟರ್ ಹೂಪರ್. ಬೋ ಟೈ ಕಟ್ಟಿದ, ಸಿಡುಕು ಮುಖದ ಮುದುಕ. ಗೊಂಬೆ ಅಲ್ಲ, ನಿಜವಾದ ಮನುಷ್ಯ. ವಿಲ್ ಲೀ ಅನ್ನೋ ನಟ. ಹಬ್ಬದ ಹಿಂದಿನ ರಾತ್ರಿ ಅವರೇ ಬಾಗಿಲು ತಟ್ಟಿ ಬಂದು ಬಾತುಕೋಳಿಯನ್ನೂ ಕ್ಲಿಪ್‌ಗಳನ್ನೂ ವಾಪಸ್ ಕೊಡುತ್ತಾರೆ. ನಿಮಗೆ ಕೊಡೋಕೆ ನಮ್ಮ ಹತ್ರ ಏನೂ ಇಲ್ವಲ್ಲ ಅಂತ ಇವರು ಪೇಚಾಡುತ್ತಾರೆ. ನನಗೆ ಸಿಗಬೇಕಾದ್ದು ಸಿಕ್ಕಾಯಿತು ಅನ್ನೋ ಅರ್ಥದ ಮಾತು ಹೇಳಿ ಮುದುಕ ಹೊರಟುಬಿಡುತ್ತಾರೆ.

ಎರಡನೇ ಸಲ ನೋಡುವಾಗ ಒಂದು ಸಣ್ಣ ಮಾತು ಕಿವಿಗೆ ಬಿತ್ತು. ಹೂಪರ್ ಕ್ರಿಸ್ಮಸ್ ಶುಭಾಶಯ ಹೇಳುತ್ತಾರೆ. ಎದುರಿನವನು ತಿರುಗಿ ಹೇಳೋದು ಯೆಹೂದಿಗಳ ಹಬ್ಬ ಹನುಕ್ಕಾದ ಶುಭಾಶಯ. ಹೂಪರ್ ಯೆಹೂದಿ. ಅಂದರೆ ಕ್ರಿಸ್ಮಸ್ ಅವರ ಹಬ್ಬವೇ ಅಲ್ಲ! ಬೀದಿಯ ಹಬ್ಬಕ್ಕೆಲ್ಲ ಸಾಮಾನು ಕೊಟ್ಟು, ಎಲ್ಲರ ಲೆಕ್ಕ ನೆನಪಿಟ್ಟು, ಸಂಜೆ ಅಂಗಡಿ ಮುಚ್ಚಿ ಹೋಗುವವರು. ನಾನು ರಿವೈಂಡ್ ಮಾಡಿ ಅದನ್ನ ಮತ್ತೆ ನೋಡಿದೆ.

ಆದರೆ ನಮ್ಮ ಎಂಜಿನಿಯರಿಗೆ ಇದಕ್ಕಿಂತ ಹತ್ತಿರದ್ದು ಬಿಗ್ ಬರ್ಡ್. 8 ಅಡಿ 2 ಇಂಚಿನ ಹಳದಿ ಹಕ್ಕಿ, ವಯಸ್ಸು ಯಾವಾಗಲೂ 6. ಆ ವರ್ಷ ಇವರಿಗೂ 6. ಕಸದ ಡಬ್ಬಿಯಲ್ಲಿ ವಾಸ ಮಾಡುವ ಆಸ್ಕರ್ ಅನ್ನೋ ಕುಹಕಿಯೊಬ್ಬ ಈ ಹಕ್ಕಿಯ ತಲೆಗೊಂದು ಹುಳ ಬಿಡುತ್ತಾನೆ: ಅಷ್ಟು ದಪ್ಪ ಸಾಂತಾ ಇಷ್ಟು ಕಿರಿದಾದ ಚಿಮಣಿಯಲ್ಲಿ ಇಳಿಯೋದು ಹೇಗೆ? ಹಕ್ಕಿಗೆ ತಡೆಯಲಾಗುವುದಿಲ್ಲ. ತಾರಸಿ ಹತ್ತಿ, ಹಿಮದಲ್ಲಿ ನಡುಗುತ್ತಾ ಕಾಯುತ್ತದೆ. ಕೆಳಗೆ ಎಲ್ಲರೂ ಹುಡುಕುತ್ತಿರುತ್ತಾರೆ. "ನಾನೂ ಆ ರಾತ್ರಿ ಕಿಟಕಿ ಪಕ್ಕ ಕೂತಿದ್ದೆ. ಅಮ್ಮ ಎತ್ತಿ ಮಲಗಿಸಿದಳಂತೆ" ಅಂದರು ಎಂಜಿನಿಯರ್. ಅದೇ ತಿಂಗಳು ಸಿಬಿಎಸ್ ಚಾನೆಲ್‌ನಲ್ಲಿ ಇದೇ ಬೀದಿಯ ಇನ್ನೊಂದು ಕ್ರಿಸ್ಮಸ್ ಕಾರ್ಯಕ್ರಮ ಬಂದಿತ್ತು. ಅದರ ಮಾತೆತ್ತಿದರೆ ಮುಖ ಕಿವುಚುತ್ತಾರೆ.

ನನಗೋ ಆ ಹಕ್ಕಿಯ ಒಳಗೆ ಯಾರಿದ್ದಾರೆ ಅನ್ನೋದೇ ಕುತೂಹಲ. ನಾನು ಕುಂದಾಪುರದ ಕಡೆಯವಳು. ಬಯಲಾಟದಲ್ಲಿ ರಾಕ್ಷಸ ವೇಷ ಕೂಗು ಹಾಕಿ ಬಂದಾಗ ನಾನು ಅತ್ತು ರಂಪ ಮಾಡಿದೆ ಅಂತ ಅಪ್ಪಯ್ಯ ಎತ್ತಿಕೊಂಡು ವೇಷ ಕಟ್ಟುವ ಚೌಕಿಗೇ ಹೋಗಿದ್ದರು. ರಾಕ್ಷಸ ಕಿರೀಟ ಬಿಚ್ಚಿಟ್ಟು ಚಾ ಕುಡಿಯುತ್ತಿದ್ದ. ನನ್ನ ಭಯ ಅಲ್ಲಿಗೆ ಮುಗಿಯಿತು. ಇಲ್ಲಿಯವರಿಗೆ ಹಾಗಲ್ಲ. ಮಕ್ಕಳ ಕಣ್ಣಿಗೆ ಒಳಗಿನವನು ಬೀಳಲೇಬಾರದು.

ಒಳಗಿದ್ದವರು ಕ್ಯಾರೊಲ್ ಸ್ಪಿನ್ನಿ. ಬಲಗೈಯನ್ನು ತಲೆಯ ಮೇಲೆ ನೆಟ್ಟಗೆ ಎತ್ತಿ ಹಿಡಿದಿರಬೇಕು. ಆ ಕೈಯೇ ಹಕ್ಕಿಯ ತಲೆ ಮತ್ತು ಕೊಕ್ಕು. ಕಿರುಬೆರಳಿನಿಂದ ಕಣ್ಣು ಆಡಿಸೋದು. ಎಡಗೈ ಎಡ ರೆಕ್ಕೆಯೊಳಗೆ. ಬಲ ರೆಕ್ಕೆಗೆ ಕೈ ಉಳಿಯಲೇ ಇಲ್ಲವಲ್ಲ! ಅದಕ್ಕೆ ಗಾಳಕ್ಕೆ ಕಟ್ಟುವ ದಾರ. ಕತ್ತಿನ ಕೆಳಗಿಂದ ಹಾದು ಎರಡೂ ರೆಕ್ಕೆಗೆ ಬಿಗಿದಿರುತ್ತದೆ. ಎಡ ರೆಕ್ಕೆ ಇಳಿದರೆ ಬಲ ರೆಕ್ಕೆ ಏರುತ್ತದೆ. ಹೊರಗಿನದ್ದು ಕಾಣುವುದಿಲ್ಲ. ಎದೆಗೆ ಕಟ್ಟಿಕೊಂಡ ಪುಟ್ಟ ಟಿವಿಯಲ್ಲಿ, ಮನೆಯಲ್ಲಿ ಕೂತ ಮಗುವಿಗೆ ಏನು ಕಾಣುತ್ತದೋ ಅದೇ ಅವರಿಗೂ ಕಾಣೋದು. 1969ರಿಂದ 2015ರವರೆಗೆ ಈ ಕೆಲಸ ಮಾಡಿದರು, ಆಮೇಲೆ 2018ರವರೆಗೆ ದನಿ ಮಾತ್ರ ಕೊಟ್ಟರು. ಕಸದ ಡಬ್ಬಿಯ ಆಸ್ಕರ್‌ನ ದನಿ, ಕೈ ಕೂಡ ಅವರದ್ದೇ. ಹುಳ ಬಿಟ್ಟವನೂ ಒಬ್ಬನೇ, ಹಿಮದಲ್ಲಿ ನಡುಗಿದವನೂ ಅವನೇ ಅಂದಾಯಿತು! ಇದನ್ನ ನಮ್ಮ ಎಂಜಿನಿಯರಿಗೆ ಖುಷಿಯಿಂದ ಹೇಳಲು ಹೋದೆ. "ಗೊತ್ತು. ಆದ್ರೆ ಅದರ ಬಗ್ಗೆ ಮಾತಾಡೋದು ಬೇಡ" ಅಂದುಬಿಟ್ಟರು.

ವಿಲ್ ಲೀ 1982ರ ಡಿಸೆಂಬರಿನಲ್ಲಿ ತೀರಿಕೊಂಡರು. ಬೇರೆ ನಟನನ್ನು ತಂದು ಕೂರಿಸಬಹುದಿತ್ತು. ಊರು ಬಿಟ್ಟು ಹೋದರು ಅಂತ ಕತೆ ಕಟ್ಟಬಹುದಿತ್ತು. ಅದ್ಯಾವುದನ್ನೂ ಮಾಡದೆ, ಹೂಪರ್ ಸತ್ತುಹೋದರು ಅಂತ ಮಕ್ಕಳಿಗೆ ನೇರ ಹೇಳಿದರು. 1983ರ ಥ್ಯಾಂಕ್ಸ್‌ಗಿವಿಂಗ್ ದಿನ ಆ ಕಂತು ಬಂತು. ಬಿಗ್ ಬರ್ಡ್ ಎಲ್ಲರ ಚಿತ್ರ ಬರೆದು ಹಂಚುತ್ತದೆ. ಹೂಪರ್ ಚಿತ್ರ ಕೈಯಲ್ಲೇ ಉಳಿಯುತ್ತದೆ. ಅವರು ವಾಪಸ್ ಬಂದಾಗ ಕೊಡ್ತೀನಿ ಅನ್ನುತ್ತದೆ. ಸತ್ತವರು ವಾಪಸ್ ಬರುವುದಿಲ್ಲ ಅಂತ ದೊಡ್ಡವರು ಬಿಡಿಸಿ ಹೇಳಬೇಕಾಗುತ್ತದೆ. ನಮ್ಮ ಎಂಜಿನಿಯರಿಗೆ ಆಗ 11 ವರ್ಷ. ಚಿಕ್ಕ ಮಕ್ಕಳ ಕಾರ್ಯಕ್ರಮ ಅಂತ ನೋಡೋದು ಬಿಟ್ಟಿದ್ದರು. 4 ವರ್ಷದ ತಂಗಿ ನೋಡುತ್ತಿದ್ದಳು ಅಂತ ಪಕ್ಕದಲ್ಲಿ ಕೂತರಂತೆ. ಅತ್ತದ್ದು ತಂಗಿಯಲ್ಲ.

ಆ ಡಿವಿಡಿ ಈಗ ನಮ್ಮ ಮನೆಯಲ್ಲೂ ಒಂದಿದೆ. ಮಗಳು ಹುಟ್ಟಿದ್ದು ಇಲ್ಲೇ, ಅವಳಿಗೆ ಬಿಗ್ ಬರ್ಡ್ ಪಕ್ಕದ ಬೀದಿಯವನ ಹಾಗೆ. ಮ್ಯಾನ್‌ಹ್ಯಾಟನ್ನಿನಲ್ಲಿ ಬ್ರಾಡ್‌ವೇ ಮತ್ತು ಪಶ್ಚಿಮ 63ನೇ ರಸ್ತೆ ಕೂಡುವಲ್ಲಿ 2019ರಿಂದ ನಿಜಕ್ಕೂ 'ಸೆಸಮಿ ಸ್ಟ್ರೀಟ್' ಅಂತ ಫಲಕ ಹಾಕಿದ್ದಾರೆ. ಅಲ್ಲಿ ನಿಲ್ಲಿಸಿ ಫೋಟೋ ತೆಗೆದರೆ, "ಹೂಪರ್ ಅಂಗಡಿ ಎಲ್ಲಮ್ಮಾ?" ಅಂದಳು. ಕಳೆದ ಕ್ರಿಸ್ಮಸ್‌ನಲ್ಲಿ ಇನ್ನೊಂದು ಪ್ರಶ್ನೆ. "ಹೂಪರ್ ಬಾತುಕೋಳಿ ವಾಪಸ್ ಕೊಟ್ರಲ್ಲ, ಸಿಗಾರ್ ಡಬ್ಬಿ, ಸೋಪ್ ಡಬ್ಬಿ ವಾಪಸ್ ತಗೊಂಡ್ರಾ?" ಇಲ್ಲ ಪುಟ್ಟಿ ಅಂದೆ. "ಹಾಗಾದ್ರೆ ಅಂಗಡಿಗೆ ಲಾಸು." ಅವಳಪ್ಪನ ಮಗಳು.

ನಮ್ಮ ಎಂಜಿನಿಯರ್ ಈ ವರ್ಷ ಕೆಲಸ ಬಿಟ್ಟು, ವಯಸ್ಸಾದ ಅಮ್ಮನ ಹತ್ತಿರ ಇರಲು ಒಹಾಯೊಗೆ ಹೋದರು. ಬೀಳ್ಕೊಡುಗೆ ದಿನ ಎಲ್ಲರೂ ಸೇರಿ ಒಳ್ಳೆಯ ವಾಚ್ ಕೊಟ್ಟರು. ನಾನು ಬೇರೆಯಾಗಿ ಒಂದು ಪುಟ್ಟ ಪೊಟ್ಟಣ ಕೊಟ್ಟೆ. ಬಿಚ್ಚಿ ನೋಡಿದರು. ಸೋಪ್ ಡಬ್ಬಿ. ಏನೂ ಮಾತಾಡಲಿಲ್ಲ. ಕನ್ನಡಕ ತೆಗೆದು ಕೋಟಿನ ತುದಿಯಲ್ಲಿ ಒರೆಸುತ್ತಾ ನಿಂತರು.

ಹಿಂದಿನ ತಿಂಗಳಷ್ಟೇ ಪುಣೆಯಿಂದ ಬಂದು ಸೇರಿದ ಹುಡುಗಿ ನನ್ನ ಪಕ್ಕದಲ್ಲಿ ನಿಂತು ವಾಚ್ ನೋಡಿದಳು, ಸೋಪ್ ಡಬ್ಬಿ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.